ಓದುಗರ ಪ್ರಶ್ನೆ: ಮನೆ ಕಟ್ಟಿ ಮುಗೀತು, ಗುತ್ತೇದಾರನ ದುಡ್ಡು ಎಲ್ಲಿ ಹೋಯ್ತು?

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಸಣ್ಣ ಗುತ್ತೇದಾರರ ಪ್ರಶ್ನೆಗಳಿಗೆ ಈ ಸಲದ ಪುಟ. ಲೆಕ್ಕಗಳಲ್ಲಿ ಬರುವ ರೂಪಾಯಿ ಮೊತ್ತಗಳು ಉದಾಹರಣೆಗೆ ಮಾತ್ರ, ಪೇಟೆಯ ದರವಲ್ಲ.

ಪ್ರಶ್ನೆ: ವರ್ಷಕ್ಕೆ ನಾಲ್ಕೈದು ಮನೆ ಕಟ್ಟುತ್ತೇನೆ. ಎಲ್ಲವೂ ಚದರಡಿ ಲೆಕ್ಕ. ಖರ್ಚಿನ ಮೇಲೆ ಶೇ 10 ಲಾಭ ಇಟ್ಟೇ ದರ ಹೇಳುತ್ತೇನೆ. ಆದರೂ ವರ್ಷದ ಕೊನೆಗೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ತಪ್ಪು ಎಲ್ಲಿದೆ?
— ಕಲಬುರಗಿ

ದರ ಹೇಳಿದ ದಿನವೇ ಅರ್ಧ ದುಡ್ಡು ಹೋಗಿರುತ್ತದೆ. ಮೊದಲು ನಿಮ್ಮ ಮೇಲ್ಖರ್ಚು ಬರೆಯಿರಿ. ಸೈಟ್ ನೋಡಿಕೊಳ್ಳುವ ಹುಡುಗನ ಪಗಾರ, ಬೈಕಿನ ಪೆಟ್ರೋಲು, ಫೋನು, ಮಿಕ್ಸರ್ ರಿಪೇರಿ, ಸೆಂಟ್ರಿಂಗ್ (ಕಾಂಕ್ರೀಟ್ ಅಚ್ಚಿನ) ತಗಡಿನ ಸವಕಳಿ, ಗೋದಾಮಿನ ಬಾಡಿಗೆ, ಲೆಕ್ಕಪತ್ರದವರ ಫೀಸು, ಕೈಸಾಲದ ಬಡ್ಡಿ, ಇವು ಯಾವ ಒಂದು ಮನೆಯ ಲೆಕ್ಕಕ್ಕೂ ಸೇರುವುದಿಲ್ಲ. ನಿಮ್ಮ ಸ್ವಂತ ಪಗಾರವನ್ನೂ ಇದರಲ್ಲೇ ಹಾಕಿ. ದಿನವಿಡೀ ಬಿಸಿಲಲ್ಲಿ ನಿಲ್ಲುವವನಿಗೆ ಪಗಾರವೇ ಇಲ್ಲ ಅಂತ ಬರೆದರೆ ಆ ಲೆಕ್ಕವನ್ನು ನಂಬುವಂತಿಲ್ಲ. ವರ್ಷಕ್ಕೆ 60 ಲಕ್ಷದ ಕೆಲಸ ಮಾಡಿ, ಇವೆಲ್ಲ ಸೇರಿ 6 ಲಕ್ಷ ಆಗುತ್ತಿದ್ದರೆ ಮೇಲ್ಖರ್ಚು ಶೇ 10. ನೀವು ಇಟ್ಟ ಶೇ 10 ಲಾಭ ಅಲ್ಲಿಗೇ ಹೋಯಿತು.

ಇನ್ನೊಂದು ತಪ್ಪು ಗುಣಾಕಾರದ್ದು. ಮೇಲ್ಖರ್ಚಿಗೆ ಶೇ 10, ಲಾಭಕ್ಕೆ ಶೇ 10 ಬೇಕೆಂದು ಖರ್ಚಿನ ಮೇಲೆ ಶೇ 20 ಸೇರಿಸಿದರೆ ಸಾಲದು. ಸಾಮಾನು, ಕೂಲಿ ಸೇರಿ ನೇರ ಖರ್ಚು 16 ಲಕ್ಷ ಎನ್ನೋಣ. ಶೇ 20 ಸೇರಿಸಿದರೆ ಬಿಲ್ಲು 19,20,000 ರೂಪಾಯಿ. ಅದರಲ್ಲಿ ಮೇಲ್ಖರ್ಚು 1,92,000 ಹೋದರೆ ಉಳಿಯುವುದು 1,28,000, ಅಂದರೆ ಬಿಲ್ಲಿನ ಶೇ 6.7 ಮಾತ್ರ. ಸರಿಯಾದ ದಾರಿ ಭಾಗಾಕಾರ: 16 ಲಕ್ಷವನ್ನು 0.80ರಿಂದ ಭಾಗಿಸಿ, 20 ಲಕ್ಷ ಬರುತ್ತದೆ. ಅದರಲ್ಲಿ 2 ಲಕ್ಷ ಮೇಲ್ಖರ್ಚಿಗೆ, 2 ಲಕ್ಷ ನಿಮಗೆ.

ಇನ್ನು ಚದರಡಿ. ಒಂದೇ ದರವನ್ನು ಎಲ್ಲ ಮನೆಗೂ ಹೇಳುವುದು ನಮ್ಮ ಕಡೆಯ ದೊಡ್ಡ ರೋಗ. 40×25 ಅಡಿ ಮನೆಯೂ ಸಾವಿರ ಚದರಡಿ, 20×50 ಅಡಿ ಮನೆಯೂ ಸಾವಿರ ಚದರಡಿ. ಮೊದಲನೆಯದರ ಹೊರಗೋಡೆ ಸುತ್ತಳತೆ 130 ಅಡಿ, ಎರಡನೆಯದರದು 140. ಹತ್ತಡಿ ಎತ್ತರಕ್ಕೆ 100 ಚದರಡಿ ಗೋಡೆ ಹೆಚ್ಚು. 9 ಇಂಚಿನ ಗೋಡೆಯಾದರೆ ಸಾವಿರದಷ್ಟು ಇಟ್ಟಿಗೆ, ಎರಡೂ ಬದಿ 200 ಚದರಡಿ ಗಿಲಾವು, ಅಷ್ಟೇ ಬಣ್ಣ, ಕೆಳಗೆ ಹತ್ತಡಿ ಪಾಯಾ. ಕೋಣೆ ಜಾಸ್ತಿಯಾದಷ್ಟೂ ಒಳಗೋಡೆ, ಬಾಗಿಲು ಜಾಸ್ತಿ. ಬಚ್ಚಲು ಒಂದು ಹೆಚ್ಚಾದರೆ ಪೈಪು, ಟೈಲ್ಸು, ವಾಟರ್‌ಪ್ರೂಫಿಂಗ್ ಎಲ್ಲ ಹೆಚ್ಚು. ಒಂದೇ ಅಂತಸ್ತಿನ ಸಾವಿರ ಚದರಡಿಗಿಂತ ಎರಡು ಅಂತಸ್ತಿನ ಎರಡು ಸಾವಿರ ಚದರಡಿಗೆ ಚದರಡಿ ಖರ್ಚು ಕಡಿಮೆ ಬೀಳುತ್ತದೆ, ಏಕೆಂದರೆ ಪಾಯಾ ಮತ್ತು ಮೇಲ್ಛಾವಣಿಯ ಖರ್ಚು ಎರಡು ಮಹಡಿಗೆ ಹಂಚಿಹೋಗುತ್ತದೆ.

ಆದ್ದರಿಂದ ಕೊಟೇಶನ್‌ನಲ್ಲಿ ಚದರಡಿ ದರ ಪ್ಲಿಂತ್‌ನಿಂದ, ಅಂದರೆ ಪಾಯಾದ ಮೇಲಿನ ನೆಲಗಟ್ಟಿನಿಂದ, ಮೇಲಕ್ಕೆ ಮಾತ್ರ ಇರಲಿ. ಪಾಯಾ ಘನ ಮೀಟರ್ ಲೆಕ್ಕದಲ್ಲಿ ಬೇರೆ. ಬಾಲ್ಕನಿ, ಪೋರ್ಟಿಕೊ, ಮೆಟ್ಟಿಲ ಮೇಲಿನ ಹೆಡ್‌ರೂಮ್ ಪೂರಾ ಎಣಿಕೆಯೋ ಅರ್ಧವೋ ಎಂಬುದನ್ನು ಬರೆಯಿರಿ. ಸಂಪು, ಸೆಪ್ಟಿಕ್ ಟ್ಯಾಂಕು, ಕಾಂಪೌಂಡು, ಗೇಟು, ಬೋರ್‌ವೆಲ್, ಅಡುಗೆಮನೆ ಕಟ್ಟೆ, ಕಪಾಟಿನ ಕಡಪಾ, ಕ್ಯೂರಿಂಗ್ (ಕಾಂಕ್ರೀಟಿಗೆ ನೀರುಣಿಸುವ) ಟ್ಯಾಂಕರ್, ತಾತ್ಕಾಲಿಕ ಕರೆಂಟು, ಪ್ರತಿಯೊಂದಕ್ಕೂ ಸೇರಿದೆ ಅಥವಾ ಸೇರಿಲ್ಲ ಎಂಬ ಒಂದು ಮಾತು ಬೇಕು. ಟೈಲ್ಸ್, ನಲ್ಲಿ, ಸ್ವಿಚ್‌ಗಳಿಗೆ ಕಂಪನಿ ಹೆಸರಿಗಿಂತ ಮೂಲ ಬೆಲೆ ಬರೆಯುವುದು ಜಾಣತನ: ‘ನೆಲದ ಟೈಲ್ಸ್ ಚದರಡಿಗೆ ಇಷ್ಟು ರೂಪಾಯಿವರೆಗೆ’ ಅಂತ. ಮನೆಯವರು ಅಂಗಡಿಗೆ ಹೋಗಿ ದುಬಾರಿಯದನ್ನು ಆರಿಸಿದರೆ ವ್ಯತ್ಯಾಸ ಅವರದು.

ಪ್ರಶ್ನೆ: ಜೇವರ್ಗಿ ಕಡೆ ಎರಿ (ಕರಿ) ಮಣ್ಣಿನ ಪ್ಲಾಟು. ‘ಪಕ್ಕದ ಮನೆಗೆ ನಾಲ್ಕಡಿ ಪಾಯಾ, ನನಗೂ ಅಷ್ಟೇ ಸಾಕು’ ಅನ್ನುತ್ತಾರೆ ಮಾಲೀಕರು. ಹೆಚ್ಚು ಹೇಳಿದರೆ ಕೆಲಸ ಬೇರೆಯವರಿಗೆ ಹೋಗುತ್ತದೆ. ಏನು ಮಾಡಲಿ?
— ಜೇವರ್ಗಿ

ಪಕ್ಕದ ಮನೆಯ ಕಿಟಕಿ ಮೂಲೆಗಳನ್ನು ಮಾಲೀಕರ ಜೊತೆ ಹೋಗಿ ನೋಡಿ. ಮೂಲೆಯಿಂದ ಓರೆಯಾಗಿ ಏರಿದ ಬಿರುಕು, ಬಾಗಿಲು ಮಳೆಗಾಲದಲ್ಲಿ ಸಿಕ್ಕಿಹಾಕಿಕೊಳ್ಳುವುದು, ನಡುಮನೆಯ ನೆಲ ಉಬ್ಬಿ ಫರಸಿ ಅಲುಗುವುದು, ಇವು ಎರಿ ಮಣ್ಣು ಕೆಲಸ ಮಾಡಿದ ಗುರುತು. ಈ ಮಣ್ಣು ನೀರು ಕುಡಿದು ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಾಯಿ ಬಿಡುತ್ತದೆ. ಮನೆಯ ಹೊರಗಿನ ಮಣ್ಣು ನೆನೆದು ಒಣಗುತ್ತಿರುತ್ತದೆ, ನಡುವಿನದು ಹೆಚ್ಚು ಬದಲಾಗುವುದಿಲ್ಲ. ಗೋಡೆಯ ಒಂದು ತುದಿ ಮೇಲೆದ್ದು ಇನ್ನೊಂದು ತುದಿ ಅಲ್ಲೇ ಉಳಿಯುವುದರಿಂದ ಓರೆ ಬಿರುಕು ಬರುತ್ತದೆ. ತೂಕ ಕಡಿಮೆ ಇರುವ ಒಂದಂತಸ್ತಿನ ಮನೆ, ಕಾಂಪೌಂಡ್ ಗೋಡೆ ಇದಕ್ಕೆ ಬೇಗ ತುತ್ತಾಗುತ್ತವೆ. ಮೂರಂತಸ್ತಿನದು ತನ್ನ ಭಾರದಿಂದಲೇ ಸ್ವಲ್ಪ ತಡೆಯುತ್ತದೆ.

ದರ ಹೇಳುವ ಮೊದಲು ಪ್ಲಾಟಿನ ಎರಡು ಮೂಲೆಗಳಲ್ಲಿ ಜೆಸಿಬಿಯಿಂದ ಏಳೆಂಟು ಅಡಿ ತೋಡಿಸಿ ನೋಡಿ. ಅದಕ್ಕಾಗುವ ಬಾಡಿಗೆಯನ್ನು ಮಾಲೀಕರಿಂದಲೇ ಕೇಳಿ ಪಡೆಯಿರಿ. ಗಟ್ಟಿ ಮುರುಮೋ (ಗರಸು ಮಣ್ಣು) ಬಂಡೆಯೋ ಐದಾರು ಅಡಿಯಲ್ಲಿ ಸಿಕ್ಕರೆ ಪಾಯಾ ಅಲ್ಲಿಗೇ ಇಳಿಸುವುದು ಉತ್ತಮ. ಸಿಗದಿದ್ದರೆ ಮಣ್ಣಿನ ಉಬ್ಬುವ ಗುಣ ಪರೀಕ್ಷೆ ಮಾಡಿಸಿ. ಪರೀಕ್ಷೆ ಸರಳ: 425 ಮೈಕ್ರಾನ್ ಜರಡಿಯಲ್ಲಿ ಸೋಸಿದ ಒಣ ಮಣ್ಣು 10 ಗ್ರಾಂನಂತೆ ಎರಡು ಅಳತೆಗಾಜಿಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ 24 ಗಂಟೆ ಇಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಅದರಲ್ಲಿ 10 ಮಿ.ಲೀ., ನೀರಿನಲ್ಲಿ 22 ಮಿ.ಲೀ. ಇದ್ದರೆ ಉಬ್ಬು ಶೇ 120. ಶೇ 50ರ ಒಳಗಿದ್ದರೆ ತೊಂದರೆ ಕಡಿಮೆ, 100 ದಾಟಿದರೆ ಬುಡ ಅಗಲಿಸಿದ ಅಂಡರ್‌ರೀಮ್ಡ್ ಪೈಲ್ (ನೆಲದೊಳಗಿನ ಕಾಂಕ್ರೀಟ್ ಕಂಬ) ಬಗ್ಗೆ ಸ್ಟ್ರಕ್ಚರಲ್ ಎಂಜಿನಿಯರ್ ಹತ್ತಿರ ಮಾತಾಡಲೇಬೇಕು. ಈ ಪೈಲಿನ ಬುಡದ ಗಡ್ಡೆ ಸಾಮಾನ್ಯವಾಗಿ ಕಂಬದ ಎರಡೂವರೆ ಪಟ್ಟು ಅಗಲ ಇರುತ್ತದೆ, ಮಣ್ಣಿನ ತೇವ ಏರಿಳಿಯದ ಆಳದಲ್ಲಿ, ಸುಮಾರು ಮೂರೂವರೆ ಮೀಟರ್ ಕೆಳಗೆ ನಿಲ್ಲುತ್ತದೆ. ಮೇಲಿನ ಪ್ಲಿಂತ್ ಬೀಮ್ ಕೆಳಗೆ ಮಣ್ಣು ತಾಗದಂತೆ ಮೂರು ಇಂಚು ಖಾಲಿ ಬಿಡಬೇಕು. ಆ ಸಂದಿಗೆ ಮಣ್ಣು ತುಂಬಿಬಿಟ್ಟರೆ ಪೈಲಿಗೆ ಹಾಕಿದ ಖರ್ಚೆಲ್ಲ ವ್ಯರ್ಥ.

ನಮ್ಮಲ್ಲಿ ಹೆಚ್ಚು ಕಾಣುವ ತಪ್ಪು, ಎರಿ ಮಣ್ಣಿನ ಗುಂಡಿಗೆ ದಪ್ಪಗೆ ಉಸುಕು ತುಂಬುವುದು. ಉಸುಕು ನೀರು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಸುತ್ತಲಿನ ಮಣ್ಣಿಗೆ ವರ್ಷವಿಡೀ ಕುಡಿಸುತ್ತದೆ. ತುಂಬುವುದಾದರೆ ಉಬ್ಬದ ಮುರುಮ್, ಆರೇಳು ಇಂಚಿನ ಪದರಗಳಲ್ಲಿ ನೀರು ಹಾಕಿ ರೋಲರ್ ಅಥವಾ ಪ್ಲೇಟ್ ಕಾಂಪ್ಯಾಕ್ಟರ್‌ನಿಂದ ಗುದ್ದಿ ತುಂಬಬೇಕು. ತೋಡಿದ ಕರಿ ಮಣ್ಣನ್ನೇ ಪ್ಲಿಂತ್ ಒಳಗೆ ತುಂಬಿ ಉಳಿಸುವ ಟಿಪ್ಪರ್ ಬಾಡಿಗೆ ಆಮೇಲೆ ಫರಸಿ ಕಿತ್ತು ಹಾಕುವ ಖರ್ಚಾಗಿ ಬರುತ್ತದೆ. ಮನೆ ಸುತ್ತ ನಾಲ್ಕೈದು ಅಡಿ ಅಗಲದ ಕಾಂಕ್ರೀಟ್ ಪಟ್ಟಿ ಹೊರಕ್ಕೆ ಇಳಿಜಾರಾಗಿ ಹಾಕಿ. ಮೇಲ್ಛಾವಣಿ ನೀರಿನ ಪೈಪು ಗೋಡೆ ಬುಡಕ್ಕೆ ಸುರಿಯದಿರಲಿ.

ಗುಂಡಿ ಬೇಸಿಗೆಯಲ್ಲಿ ತೋಡಿ, ತೋಡಿದ ಮರುದಿನವೇ ತಳದ ಬೆಡ್ ಕಾಂಕ್ರೀಟ್ ಹಾಕಿ ಮುಚ್ಚಿ. ಐದಡಿಗಿಂತ ಆಳ ಹೋದರೆ ಪಕ್ಕಕ್ಕೆ ಹಲಗೆ ಆನಿಕೆ ಕೊಡಿ, ತೆಗೆದ ಮಣ್ಣನ್ನು ಅಂಚಿಗೆ ರಾಶಿ ಹಾಕಬೇಡಿ. ಒಣಗಿದಾಗ ಗೋಡೆಯಂತೆ ನಿಲ್ಲುವ ಎರಿ ಮಣ್ಣು ಒಂದು ಮಳೆಗೆ ಎಚ್ಚರಿಕೆ ಕೊಡದೆ ಕುಸಿಯುತ್ತದೆ, ಒಳಗೆ ಇಳಿದವರಿಗೆ ಮೇಲೆ ಬರಲಾಗುವುದಿಲ್ಲ.

ಮಾಲೀಕರು ಇಷ್ಟಕ್ಕೂ ಒಪ್ಪದಿದ್ದರೆ ಕೆಲಸ ಬಿಡಿ. ಬೀದರ್ ಊರಿನ ಕೆಂಪು ಕಲ್ಲಿನ ದಿಣ್ಣೆಯ ಮೇಲೆ ಕಟ್ಟುವವರಿಗೆ ಈ ತಲೆನೋವಿಲ್ಲ, ಆ ದರವನ್ನು ನೋಡಿ ಜೇವರ್ಗಿಯಲ್ಲಿ ದರ ಹೇಳಬೇಡಿ.

ಪ್ರಶ್ನೆ: ಸ್ಲ್ಯಾಬ್ ಆಗುವವರೆಗೆ ಮಾಲೀಕರು ಸರಿಯಾಗಿ ದುಡ್ಡು ಕೊಡುತ್ತಾರೆ. ಆಮೇಲೆ ನಿಧಾನ. ಕೊನೆಯ ಬಿಲ್ಲು ಯಾವಾಗಲೂ ಸಿಕ್ಕಿಬೀಳುತ್ತದೆ. ಹೇಳಿಸಿಕೊಂಡು ಮಾಡಿದ ಹೆಚ್ಚುವರಿ ಕೆಲಸಕ್ಕೆ ‘ನಾ ಹೇಳೇ ಇಲ್ಲ’ ಅನ್ನುತ್ತಾರೆ.
— ಹುಮನಾಬಾದ್

ಕಂತುಗಳನ್ನು ಖರ್ಚಿಗಿಂತ ಒಂದು ಹೆಜ್ಜೆ ಮುಂದೆ ಇಡಿ. ಹೀಗೊಂದು ಹಂಚಿಕೆ ನೋಡಿ: ಒಪ್ಪಂದದ ದಿನ ಶೇ 10, ಪ್ಲಿಂತ್ ಮಟ್ಟಕ್ಕೆ 20, ಲಿಂಟೆಲ್‌ಗೆ (ಬಾಗಿಲು, ಕಿಟಕಿ ಮೇಲಿನ ತೊಲೆ) 15, ಸ್ಲ್ಯಾಬಿಗೆ 25, ಗಿಲಾವಿಗೆ 15, ನೆಲ ಮತ್ತು ಬಾಗಿಲಿಗೆ 12, ಬೀಗದ ಕೈ ಕೊಡುವಾಗ 3. ಕೊನೆಯ ಕಂತು ಶೇ 3 ಇದ್ದರೆ ಅದು ಸಿಕ್ಕಿಬಿದ್ದರೂ ನೀವು ಮುಳುಗುವುದಿಲ್ಲ. ಶೇ 15 ಇಟ್ಟರೆ ನಿಮ್ಮ ಲಾಭವೆಲ್ಲ ಮಾಲೀಕರ ಜೇಬಿನಲ್ಲೇ ಕೂತಿರುತ್ತದೆ.

ಕಂತಿನ ಮಾತು ಬರೆಯುವಾಗ ಎಚ್ಚರ. ‘ಸ್ಲ್ಯಾಬ್ ಆದ ಮೇಲೆ’ ಅಂದರೆ ಸಿಮೆಂಟು, ಕಬ್ಬಿಣ, ಖಡಿ (ಜಲ್ಲಿ), ಕೂಲಿ ಎಲ್ಲ ನಿಮ್ಮ ಉದ್ರಿಯಲ್ಲಿ ಬರುತ್ತದೆ. ‘ಸೆಂಟ್ರಿಂಗ್ ಹೊಡೆದು ಕಬ್ಬಿಣ ಕಟ್ಟಿದ ದಿನ, ಕಾಂಕ್ರೀಟ್ ಹಾಕುವ ಮೊದಲು’ ಎಂದು ಬರೆಯಿರಿ. ಆ ದಿನ ಮಾಲೀಕರಿಗೂ ಸ್ಲ್ಯಾಬ್ ಬೇಗ ಆಗಬೇಕಿರುತ್ತದೆ, ದುಡ್ಡು ಬರುತ್ತದೆ. ಕಂತು ಏಳು ದಿನ ತಡವಾದರೆ ಕೆಲಸ ನಿಲ್ಲಿಸುವ ಹಕ್ಕು ನಿಮಗಿದೆ, ಮುಗಿಸುವ ದಿನಾಂಕವೂ ಅಷ್ಟೇ ಮುಂದಕ್ಕೆ ಹೋಗುತ್ತದೆ ಎಂಬ ಸಾಲು ಒಪ್ಪಂದದಲ್ಲಿ ಇರಲಿ.

ಹೆಚ್ಚುವರಿ ಕೆಲಸಕ್ಕೆ ಕಾರ್ಬನ್ ಹಾಕುವ ಬಿಲ್ ಪುಸ್ತಕ ಒಂದನ್ನು ಸೈಟಿನಲ್ಲೇ ಇಡಿ. ಏನು ಬದಲಾವಣೆ, ಎಷ್ಟು ಅಳತೆ, ಎಷ್ಟು ದರ, ಎಷ್ಟು ದಿನ ಹೆಚ್ಚು, ಮಾಲೀಕರ ಸಹಿ. ಸಹಿ ಇಲ್ಲದೆ ಗೌಂಡಿಗೆ ಕೆಲಸ ಹೇಳಬೇಡಿ. ಮಾಲೀಕರು ಪುಣೆಯಲ್ಲೋ ಹೈದರಾಬಾದಿನಲ್ಲೋ ಇದ್ದರೆ ವಾಟ್ಸಾಪಿನಲ್ಲಿ ಅದೇ ಮಾತು ಬರೆದು ‘ಒಪ್ಪಿಗೆ’ ಎಂಬ ಉತ್ತರ ಬರುವವರೆಗೆ ಕಾಯಿರಿ. ಮನೆಯ ಹಿರಿಯರು ಸೈಟಿಗೆ ಬಂದು ಗೌಂಡಿಗೇ ನೇರ ‘ಈ ಗೋಡಿ ಅತ್ತ ಸರಸು’ ಅನ್ನುವುದು ನಮ್ಮ ಕಡೆ ರೂಢಿ. ಯಾರ ಮಾತು ನಡೆಯುತ್ತದೆ ಎಂದು ಒಪ್ಪಂದದಲ್ಲಿ ಒಬ್ಬರ ಹೆಸರು ಬರೆಸಿ.

ಬಾಕಿ ವಸೂಲಿಗೆ ಕಾನೂನಿನ ಕಾಲಮಿತಿ ಕೆಲಸ ಮುಗಿದಾಗಿನಿಂದ 3 ವರ್ಷ. ‘ಮುಂದಿನ ಸುಗ್ಗಿಗೆ ಕೊಡ್ತೀನಿ’ ಎಂದು ಅವರು ದಾಟಿಸುತ್ತಾ ಹೋದರೆ ಬಾಕಿ ಒಪ್ಪಿಕೊಂಡ ಒಂದು ಸಹಿ ಬರೆಸಿಕೊಳ್ಳಿ, ಅಲ್ಲಿಂದ ಅವಧಿ ಹೊಸದಾಗಿ ಶುರುವಾಗುತ್ತದೆ. ಅವಧಿ ಮುಗಿದ ಮೇಲೆ ಬರೆಸಿದ ಸಹಿಗೆ ಈ ಬಲ ಇಲ್ಲ. ಚೆಕ್ ಬೌನ್ಸ್ ಆದರೆ ಬ್ಯಾಂಕಿನ ಮೆಮೊ ಕೈಗೆ ಬಂದ 30 ದಿನದೊಳಗೆ ಲಿಖಿತ ನೋಟಿಸು ಕೊಡಬೇಕು. ನೋಟಿಸು ತಲುಪಿದ 15 ದಿನದಲ್ಲಿ ದುಡ್ಡು ಬರದಿದ್ದರೆ ಮುಂದಿನ ಒಂದು ತಿಂಗಳೊಳಗೆ ಕೋರ್ಟಿಗೆ ದೂರು. ಸಂಬಂಧಿಕರು ಮಧ್ಯಸ್ಥಿಕೆ ಮಾಡುತ್ತಾ ಕೂತಾಗ ಈ ದಿನಗಳು ಸದ್ದಿಲ್ಲದೆ ಕಳೆದುಹೋಗುತ್ತವೆ.

ಪ್ರಶ್ನೆ: ಏಪ್ರಿಲ್‌ನಲ್ಲಿ ಹಾಕಿದ ಸ್ಲ್ಯಾಬ್ ಮೇಲೆ ಅದೇ ಸಂಜೆ ಬಿರುಕು ಕಂಡವು. ಸಿಮೆಂಟ್ ಖರಾಬು ಎಂದು ಮಾಲೀಕರು ಜಗಳ ತೆಗೆದಿದ್ದಾರೆ. ನಿಜವೇ?
— ಶಹಾಪುರ

ಅದೇ ದಿನ ಕಂಡ ಬಿರುಕಾದರೆ ಸಿಮೆಂಟಿನ ತಪ್ಪಲ್ಲ ಎನ್ನಬಹುದು. ಬಿಸಿಗಾಳಿಗೆ ಮೇಲ್ಮೈ ನೀರು ಆರುವ ವೇಗ, ಒಳಗಿನಿಂದ ನೀರು ಮೇಲೆ ಬರುವ ವೇಗವನ್ನು ಮೀರಿದಾಗ ಕಾಂಕ್ರೀಟಿನ ಮೈ ಸೆಟೆದು ಬಿರಿಯುತ್ತದೆ. ಮೇ ತಿಂಗಳಲ್ಲಿ ಮಧ್ಯಾಹ್ನ 42 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ಇದು ಅಪರೂಪವಲ್ಲ.

ಮೊದಲು ಸಮಯದ ಲೆಕ್ಕ ಹಾಕಿ. ಸಾವಿರ ಚದರಡಿ ಸ್ಲ್ಯಾಬ್, ಐದು ಇಂಚು ದಪ್ಪ ಎಂದರೆ ಹತ್ತಿರ ಹತ್ತಿರ 12 ಘನ ಮೀಟರ್. ಎಂ20 ಮಿಶ್ರಣಕ್ಕೆ, ಅಂದರೆ ಸಿಮೆಂಟ್, ಉಸುಕು, ಖಡಿ 1:1½:3ಕ್ಕೆ, ಘನ ಮೀಟರಿಗೆ 8 ಚೀಲದಂತೆ 96 ಚೀಲ. ಬೀಮು ಬೇರೆ. ಒಂದು ಚೀಲದ ಮಿಕ್ಸರು ಗಂಟೆಗೆ 12ರಿಂದ 15 ಸಲ ತಿರುಗಿದರೆ ಏಳೆಂಟು ಗಂಟೆ. ಬೆಳಿಗ್ಗೆ ಎಂಟಕ್ಕೆ ಪೂಜೆ ಮಾಡಿ ಶುರುಮಾಡಿದರೆ ಮುಗಿಯುವುದು ಮೂರು ಗಂಟೆಗೆ, ಅತಿ ಕೆಟ್ಟ ಬಿಸಿಲಲ್ಲಿ. ನಸುಕಿನ ನಾಲ್ಕಕ್ಕೆ ಎರಡು ಮಿಕ್ಸರ್ ಹಚ್ಚಿದರೆ ಎಂಟೂವರೆ ಒಳಗೆ ಮುಗಿಯುತ್ತದೆ. ಇಲ್ಲವೇ ಸಂಜೆ ಐದರ ಮೇಲೆ ಲೈಟ್ ಹಾಕಿ ಮಾಡಿ. ಮುಹೂರ್ತವನ್ನೂ ನಸುಕಿಗೇ ಕೇಳಿಸಿದರಾಯಿತು.

ಖಡಿ, ಉಸುಕು ಹಿಂದಿನ ದಿನ ನೆರಳಲ್ಲಿರಲಿ, ಖಡಿಗೆ ನೀರು ಚಿಮುಕಿಸಿ. ಕಾಂಕ್ರೀಟನ್ನು 1 ಡಿಗ್ರಿ ತಣಿಸಲು ಸಿಮೆಂಟನ್ನು ಸುಮಾರು 8 ಡಿಗ್ರಿ ತಣಿಸಬೇಕು, ನೀರನ್ನಾದರೆ 4, ಖಡಿ ಉಸುಕನ್ನಾದರೆ 2 ಡಿಗ್ರಿ ಸಾಕು. ಸೇಡಂ, ವಾಡಿ ಕಾರ್ಖಾನೆಗಳಿಂದ ಬಿಸಿಬಿಸಿ ಸಿಮೆಂಟ್ ಬಂತೆಂದು ಚಿಂತಿಸುವವರು ಬಿಸಿಲಲ್ಲಿ ಕಾದ ಖಡಿಯನ್ನು ಮರೆಯುತ್ತಾರೆ. ಸೆಂಟ್ರಿಂಗ್ ತಗಡಿಗೂ ಹಾಕುವ ಮೊದಲು ನೀರು ಹೊಡೆದು ತಣಿಸಿ, ಆದರೆ ನಿಂತ ನೀರು ಉಳಿಯಬಾರದು.

ಚೀಲಕ್ಕೆ 25 ಲೀಟರ್ ನೀರು, ಒದ್ದೆ ಉಸುಕಾದರೆ ಇನ್ನೂ ಕಡಿಮೆ. ಬಿಗಿಯಾಯಿತು ಎಂದು ಮೇಲೆ ಒಂದು ಬಕೆಟ್ ಸುರಿಯುವ ಗೌಂಡಿಯನ್ನು ಅಲ್ಲೇ ತಡೆಯಿರಿ. ಹರಿಯುವಷ್ಟು ತೆಳುವಾಗಿ ಬೇಕಿದ್ದರೆ ಪ್ಲಾಸ್ಟಿಸೈಜರ್ (ನೀರು ಹೆಚ್ಚಿಸದೆ ಕಾಂಕ್ರೀಟ್ ಸಡಿಲಿಸುವ ದ್ರವ) ಡಬ್ಬಿ ಇಡಿ, ಅದರ ಅಳತೆ ಡಬ್ಬಿಯ ಮೇಲೇ ಇರುತ್ತದೆ. ಮಟ್ಟ ಮಾಡಿದ ಅಷ್ಟಷ್ಟು ಭಾಗಕ್ಕೆ ಹಿಂದಿಂದೆಯೇ ಪ್ಲಾಸ್ಟಿಕ್ ಹಾಳೆ ಹೊದಿಸಿ. ಹಸಿ ಇರುವಾಗಲೇ ಬಿರುಕು ಕಂಡರೆ ಮರದ ಹಲಗೆಯಿಂದ ಒತ್ತಿ ತಿಕ್ಕಿದರೆ ಮುಚ್ಚಿಕೊಳ್ಳುತ್ತವೆ. ಗಟ್ಟಿಯಾದ ಮೇಲೆ ಕಂಡದ್ದಕ್ಕೆ ಸಿಮೆಂಟ್ ಹಾಲು ಸುರಿದು, ನೀರು ಕಟ್ಟಿದಾಗ ಕೆಳಗೆ ಸೋರುತ್ತದೆಯೇ ನೋಡಿ. ಸೋರಿದರೆ ಎಂಜಿನಿಯರ್‌ಗೆ ತೋರಿಸಿ.

ಬಿಸಿ ಒಣ ಹವೆಯಲ್ಲಿ ಕ್ಯೂರಿಂಗ್ ಓಪಿಸಿಗೆ (ಸಾದಾ ಸಿಮೆಂಟ್) ಕನಿಷ್ಠ 10 ದಿನ, ಪಿಪಿಸಿಗೆ (ಹಾರುಬೂದಿ ಬೆರೆಸಿದ ಸಿಮೆಂಟ್) 14 ದಿನ. ಈಗ ಅಂಗಡಿಯಲ್ಲಿ ಸಿಗುವುದು ಬಹುಪಾಲು ಪಿಪಿಸಿಯೇ, ಆದರೂ ‘ಏಳು ದಿನ ಸಾಕು’ ಎಂಬ ಹಳೆ ಮಾತು ಹೋಗಿಲ್ಲ. ಸಾವಿರ ಚದರಡಿಯಲ್ಲಿ ಎರಡು ಇಂಚು ನೀರು ಕಟ್ಟಲು ಹೆಚ್ಚುಕಡಿಮೆ 4,700 ಲೀಟರ್ ಬೇಕು, ದಿನಕ್ಕೆ ಒಂದು ಸೆಂಟಿಮೀಟರ್ ಇಳಿದರೆ ಮತ್ತೆ 930 ಲೀಟರ್. ಟ್ಯಾಂಕರ್ ಲೆಕ್ಕ ದರದಲ್ಲಿ ಹಾಕದಿದ್ದರೆ ಐದನೇ ದಿನಕ್ಕೆ ನೀರು ನಿಲ್ಲಿಸುವ ಆಸೆ ಬರುತ್ತದೆ. ಸೆಂಟ್ರಿಂಗ್ ಆನಿಕೆಗಳನ್ನು 15 ಅಡಿವರೆಗಿನ ಸ್ಲ್ಯಾಬಿಗೆ 7 ದಿನ, ಅದಕ್ಕೂ ಅಗಲವಾದದ್ದಕ್ಕೆ 14 ದಿನ ಬಿಡಿ ಎಂಬುದು ಓಪಿಸಿಯ ಲೆಕ್ಕ. ಪಿಪಿಸಿಯಾದರೆ ಇನ್ನೂ ಕೆಲ ದಿನ ಸೇರಿಸಿ.

ಪ್ರಶ್ನೆ: ಉಸುಕು, ಕಬ್ಬಿಣ ಎರಡರಲ್ಲೂ ಅಳತೆ ಮೋಸ. ಹಿಡಿಯುವುದು ಹೇಗೆ?
— ಚಿಂಚೋಳಿ

ಬ್ರಾಸ್ ಎಂದರೆ 100 ಘನ ಅಡಿ. ಟಿಪ್ಪರಿನ ಡಬ್ಬಿಯ ಒಳ ಅಳತೆಯನ್ನು ಟೇಪಿನಿಂದ ನೀವೇ ಹಿಡಿಯಿರಿ. 12×7×3½ ಅಡಿ ಇದ್ದರೆ 294 ಘನ ಅಡಿ. ಅರ್ಧ ಅಡಿ ಕಡಿಮೆ ತುಂಬಿ ಬಂದರೆ 42 ಘನ ಅಡಿ, ಅಂದರೆ ಅರ್ಧ ಬ್ರಾಸಿನ ಹತ್ತಿರ ಹೋಯಿತು. ರಾಶಿಯ ಗೋಪುರ ನೋಡಿ ಮರುಳಾಗಬೇಡಿ, ಸಮ ಮಾಡಿಸಿ ಅಳೆಯಿರಿ. ಸ್ವಲ್ಪ ಒದ್ದೆಯಾದ ಉಸುಕು ಕಾಲುಭಾಗದಷ್ಟು ಉಬ್ಬಿ ಕಾಣುತ್ತದೆ. ಇದು ಪೂರಾ ಒಣಗಿದ್ದರಲ್ಲೂ ಇಲ್ಲ, ಪೂರಾ ನೆಂದದ್ದರಲ್ಲೂ ಇಲ್ಲ. ಮಣ್ಣಿನಂಶ ನೋಡಲು ಗಾಜಿನ ಲೋಟದಲ್ಲಿ ಅರ್ಧ ಉಸುಕು, ಮೇಲೆ ಉಪ್ಪು ನೀರು ಹಾಕಿ ಕಲಕಿ ಮೂರು ಗಂಟೆ ಇಡಿ. ಮೇಲೆ ನಿಂತ ಕೆಸರಿನ ಪದರ ಉಸುಕಿನ ಎತ್ತರದ ಶೇ 8 ಮೀರಿದರೆ ವಾಪಸ್ ಕಳಿಸಿ. ಎಂ‑ಸ್ಯಾಂಡ್‌ಗೆ (ಕಲ್ಲು ಒಡೆದು ಮಾಡಿದ ಉಸುಕಿಗೆ) ಈ ಪರೀಕ್ಷೆ ಒಗ್ಗುವುದಿಲ್ಲ, ಅದರ ಕಲ್ಲುಪುಡಿ ಕೆಸರಿನಂತೆಯೇ ಕಾಣುತ್ತದೆ. ಅದಕ್ಕೆ ಕ್ರಷರ್‌ನವರಿಂದ ಜರಡಿ ವರದಿ ಕೇಳಿ.

ಕಬ್ಬಿಣಕ್ಕೆ ಸೂತ್ರ ಒಂದೇ: ಸಲಾಕಿಯ ದಪ್ಪ ಮಿಲಿಮೀಟರಿನಲ್ಲಿ, ಅದರ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಕಿಲೋ. 12 ಮೀಟರ್ ಉದ್ದದ ಸಲಾಕಿ 8 ಮಿ.ಮೀ. ಆದರೆ 4.74 ಕಿಲೋ, 10 ಆದರೆ 7.4, 12 ಆದರೆ 10.66, 16 ಆದರೆ 18.96. ಪ್ರಮಾಣಕದ ಪ್ರಕಾರ 8, 10 ಮಿ.ಮೀ.ಗೆ ಶೇ 7, 12 ಮತ್ತು 16ಕ್ಕೆ ಶೇ 5 ಹೆಚ್ಚುಕಡಿಮೆ ಇರಬಹುದು. ತೂಕದ ಮೇಲೆ ಕೊಂಡರೆ ಹಗುರ ಸಲಾಕಿಯಿಂದ ದುಡ್ಡು ಹೋಗುವುದಿಲ್ಲ, ಸ್ಲ್ಯಾಬಿನ ಬಲ ಹೋಗುತ್ತದೆ. ನಗದ (ಒಂದೊಂದು ಸಲಾಕಿಯ) ಲೆಕ್ಕದಲ್ಲಿ ಕೊಂಡರೆ ಎರಡೂ ಹೋಗುತ್ತವೆ.

ಪ್ರಶ್ನೆ: ಗೌಂಡಿಗಳು ಮುಂಗಡ ತಗೊಂಡು ಎಳ್ಳಮಾವಾಸ್ಯೆಗೆ ಊರಿಗೆ ಹೋದರೆ ತೊಗರಿ ರಾಶಿ ಮುಗಿಯುವವರೆಗೆ ಪತ್ತೆಯೇ ಇಲ್ಲ. ಕೆಲವರು ಅಲ್ಲಿಂದಲೇ ಪುಣೆ, ಬೆಂಗಳೂರಿಗೆ ಹೋಗಿಬಿಡುತ್ತಾರೆ.
— ಆಳಂದ

ಇದು ಪ್ರತಿವರ್ಷ ಬರುವ ಸಂಗತಿ, ಆದ್ದರಿಂದ ಕ್ಯಾಲೆಂಡರಿನಲ್ಲಿ ಮೊದಲೇ ಹಾಕಿ. ಎಳ್ಳಮಾವಾಸ್ಯೆಯ ಹಿಂದೆ ಮುಂದೆ ಸ್ಲ್ಯಾಬ್ ಇಟ್ಟುಕೊಳ್ಳಬೇಡಿ, ಕ್ಯೂರಿಂಗ್, ವೈರಿಂಗ್, ಪ್ಲಂಬಿಂಗ್‌ನಂತಹ ಕಡಿಮೆ ಜನರ ಕೆಲಸ ಆ ದಿನಗಳಿಗೆ ಬರುವಂತೆ ಹೊಂದಿಸಿ. ಯಾದಗಿರಿ ಕಡೆ ಹತ್ತಿ ಬಿಡಿಸುವ ಕಾಲಕ್ಕೂ ಇದೇ ಮಾತು, ಹೆಲ್ಪರ್ ಹೆಣ್ಣುಮಕ್ಕಳು ಹೊಲಕ್ಕೆ ಹೋಗುತ್ತಾರೆ, ಅಲ್ಲಿ ಕೂಲಿ ಕೈಗೆ ಬೇಗ ಸಿಗುತ್ತದೆ.

ಮುಂಗಡ ಒಂದು ವಾರದ ಕೂಲಿ ಮೀರದಿರಲಿ. ದೊಡ್ಡ ಮುಂಗಡ ಕೊಟ್ಟು ಆಳನ್ನು ಹಿಡಿದಿಡುವ ಲೆಕ್ಕ ಕಾನೂನಿಗೂ ಒಪ್ಪುವುದಿಲ್ಲ, ನಡೆಯುವುದೂ ಇಲ್ಲ. ಸಂತೆ ಹಿಂದಿನ ದಿನ ತಪ್ಪದೆ ಪಗಾರ ಕೊಡುವ ಗುತ್ತೇದಾರನ ಹತ್ತಿರ ಜನ ನಿಲ್ಲುತ್ತಾರೆ. ದಿನಗೂಲಿಗೆ ಬದಲು ಅಳತೆ ಮೇಲೆ ಕೊಟ್ಟರೆ ಇಬ್ಬರಿಗೂ ಒಳ್ಳೆಯದು. ಒಬ್ಬ ಗೌಂಡಿ ಹೆಲ್ಪರ್ ಜೊತೆ ದಿನಕ್ಕೆ ಹೆಚ್ಚುಕಡಿಮೆ ಒಂದೂಕಾಲು ಘನ ಮೀಟರ್ ಇಟ್ಟಿಗೆ ಕೆಲಸ, ಇಲ್ಲವೇ 80–100 ಚದರಡಿ ಗಿಲಾವು ಮಾಡುತ್ತಾನೆ ಎಂದು ಹಿಡಿದು ದರ ಕಟ್ಟಿ. ಅಳತೆಯ ಕೆಲಸದಲ್ಲಿ ಗೋಡೆ ಸೊಟ್ಟಾಗುವ ಭಯ ಇದ್ದೇ ಇದೆ, ಪ್ರತಿ ನಾಲ್ಕು ಸಾಲಿಗೊಮ್ಮೆ ತೂಗುಗುಂಡು ಹಿಡಿದು ನೋಡಿ.

18ರಿಂದ 60 ವಯಸ್ಸಿನ, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಕಾರ್ಮಿಕ ಕಲ್ಯಾಣ ಮಂಡಳಿಯಲ್ಲಿ ನೋಂದಣಿಗೆ ಅರ್ಹರು. 90 ದಿನದ ಪ್ರಮಾಣಪತ್ರಕ್ಕೆ ಸಹಿ ಹಾಕಲು ಜಿಪುಣತನ ಬೇಡ. ನಿಮ್ಮ ಕಡೆಯಿಂದ ಅಪಘಾತ ಪರಿಹಾರದ ವಿಮೆ ಬೇರೆ ಮಾಡಿಸಿ. ಮೇಲಿನಿಂದ ಬಿದ್ದ ಒಬ್ಬನ ಪರಿಹಾರ ಸಣ್ಣ ಗುತ್ತೇದಾರನ ಹಲವು ವರ್ಷದ ಲಾಭವನ್ನು ಒಮ್ಮೆಗೇ ನುಂಗುತ್ತದೆ.

ಪ್ರಶ್ನೆ: ಜಿಎಸ್‌ಟಿ ನನಗೆ ಹತ್ತುತ್ತದೆಯೇ? ಕೆಲವು ಮನೆ ಕೂಲಿ ಮಾತ್ರ, ಕೆಲವು ಸಾಮಾನು ಸಹಿತ.
— ಬೀದರ್

ಒಂದು ಕುಟುಂಬದ ಬಿಡಿ ಮನೆಯ ಹೊಸ ನಿರ್ಮಾಣಕ್ಕೆ ಬರೀ ಕೂಲಿ ಗುತ್ತಿಗೆಯಾದರೆ ತೆರಿಗೆ ಇಲ್ಲ. ಸಾಮಾನು ಸಹಿತವಾದರೆ ಶೇ 18. ಅಪಾರ್ಟ್‌ಮೆಂಟು, ಅಂಗಡಿ, ರಿಪೇರಿ ಕೆಲಸದ ಕೂಲಿಗೆ ಆ ವಿನಾಯಿತಿ ಇಲ್ಲ. ತೆರಿಗೆ ಹತ್ತುವ ಕೆಲಸ ನಿಮ್ಮಲ್ಲಿ ಇದ್ದು, ವಿನಾಯಿತಿಯದ್ದೂ ಸೇರಿ ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಬೇಕು. ವಹಿವಾಟು 50 ಲಕ್ಷದೊಳಗಿರುವವರಿಗೆ ಶೇ 6ರ ಕಾಂಪೊಸಿಷನ್ (ವಹಿವಾಟಿನ ಮೇಲೆ ಸರಳ ತೆರಿಗೆ) ದಾರಿಯೂ ಇದೆ, ಆದರೆ ಅದರಲ್ಲಿ ಗಿರಾಕಿಯಿಂದ ತೆರಿಗೆ ವಸೂಲಿ ಮಾಡುವಂತಿಲ್ಲ, ಸಿಮೆಂಟು ಕಬ್ಬಿಣಕ್ಕೆ ಕಟ್ಟಿದ ತೆರಿಗೆಯ ಹೂಡುವಳಿ ಜಮೆಯೂ (ಇನ್‌ಪುಟ್ ಕ್ರೆಡಿಟ್) ಸಿಗುವುದಿಲ್ಲ. ಸಾಮಾನು ಹೆಚ್ಚಿರುವ ಕೆಲಸಕ್ಕೆ ಅದು ಲಾಭವೋ ಎಂದು ಲೆಕ್ಕ ಹಾಕಿಸಿ ನೋಡಿ. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ತೆರಿಗೆ ಶೇ 28ರಿಂದ 18ಕ್ಕೆ ಇಳಿದಿದೆ, ಹಳೆಯ ದರಪಟ್ಟಿಯನ್ನೇ ಇಟ್ಟುಕೊಂಡವರು ತಿದ್ದಿಕೊಳ್ಳಿ.

ಪ್ರಶ್ನೆ: ಮನೆ ಕೆಲಸ ಸಾಕಾಗಿದೆ. ಸರ್ಕಾರಿ ಕೆಲಸಕ್ಕೆ ಇಳಿಯಬೇಕೆಂದಿದ್ದೇನೆ. ದೊಡ್ಡ ಗುತ್ತೇದಾರರೊಬ್ಬರು ತುಂಡು ಗುತ್ತಿಗೆ ಕೊಡುತ್ತೇನೆ ಅನ್ನುತ್ತಾರೆ.
— ಸುರಪುರ

ದುಡ್ಡು ಬರುವವರೆಗೆ ಆರು ತಿಂಗಳು ಕೂಲಿ ಕೊಡುವ ಶಕ್ತಿ ಇದೆಯೇ? ಇಲ್ಲದಿದ್ದರೆ ಈಗ ಬೇಡ. ಇಲಾಖೆಯಲ್ಲಿ ಅಳತೆ ಪುಸ್ತಕಕ್ಕೆ ಏರಿದ್ದು ಮಾತ್ರ ಕೆಲಸ, ಅನುದಾನ ಬಂದಾಗ ಮಾತ್ರ ಬಿಲ್ಲು. ಪಾಯಾ ಮುಚ್ಚುವ ಮೊದಲು ಎಂಜಿನಿಯರ್ ಅಳತೆ ಬರೆದುಕೊಳ್ಳದಿದ್ದರೆ ಮಣ್ಣೊಳಗಿನ ಕಾಂಕ್ರೀಟಿಗೆ ಸಾಕ್ಷಿ ಇಲ್ಲ. 10 ಲಕ್ಷದ ಬಿಲ್ಲಿನಲ್ಲಿ ವ್ಯಕ್ತಿ ಹೆಸರಿನ ಗುತ್ತೇದಾರನಿಗೆ ಆದಾಯ ತೆರಿಗೆ ಶೇ 1, ಜಿಎಸ್‌ಟಿ ಟಿಡಿಎಸ್ ಶೇ 2, ಕಾರ್ಮಿಕ ಸೆಸ್ ಶೇ 1, ಹೀಗೆ 40,000 ಮುರಿದುಕೊಳ್ಳುತ್ತಾರೆ. ಮೊದಲೆರಡು ಲೆಕ್ಕ ಸಲ್ಲಿಸಿದರೆ ಹೊಂದಿಕೆಯಾಗುತ್ತವೆ, ಸೆಸ್ ಹೋದಂತೆಯೇ. ಭದ್ರತಾ ಠೇವಣಿಯ ಕಡಿತ ಬೇರೆ. ಉಸುಕು, ಖಡಿ, ಮುರುಮಿಗೆ ಗಣಿ ಇಲಾಖೆಯ ಪರ್ಮಿಟ್ ಚೀಟಿ ತೋರಿಸದಿದ್ದರೆ ರಾಯಲ್ಟಿಯನ್ನೂ ಬಿಲ್ಲಿನಲ್ಲೇ ಹಿಡಿಯುತ್ತಾರೆ. ಪ್ರತಿ ಟಿಪ್ಪರಿನ ಚೀಟಿ ಜೋಪಾನವಾಗಿಡಿ.

ಬಾಯಿಮಾತಿನ ತುಂಡು ಗುತ್ತಿಗೆಯಲ್ಲಿ ಇಲಾಖೆಗೆ ನೀವು ಯಾರೂ ಅಲ್ಲ. ‘ನನಗೆ ಬಿಲ್ಲಾದರೆ ನಿನಗೆ’ ಎಂಬ ಮಾತಿಗೆ ಕೆಲಸ ಹಿಡಿಯಬೇಡಿ. ಸಾಮಾನು ಅವರದು, ಕೂಲಿ ನಿಮ್ಮದು, ಹದಿನೈದು ದಿನಕ್ಕೊಮ್ಮೆ ಅಳತೆ ಮಾಡಿ ಪಾವತಿ ಎಂದು ಬರೆದುಕೊಟ್ಟರೆ ಮಾಡಬಹುದು.

ಪ್ರಶ್ನೆ: ಶಹಾಬಾದ್ ಫರಸಿ ಹಾಕಿಕೊಟ್ಟ ಮೇಲೆ ನೆಲ ಬಿಳಿಚಿ ಖರಖರ ಆಗಿದೆ, ಮಾಲೀಕರು ಬದಲಿಸಿಕೊಡಿ ಅನ್ನುತ್ತಾರೆ.
— ಚಿತ್ತಾಪುರ

ಸಿಮೆಂಟ್ ಕಲೆ ತೆಗೆಯಲು ಆ್ಯಸಿಡ್ ಹಾಕಿ ತೊಳೆದಿದ್ದೀರಾ ಎಂದು ನಿಮ್ಮ ಜನರನ್ನು ಕೇಳಿ. ಶಹಾಬಾದ್ ಸುಣ್ಣದ ಕಲ್ಲು, ಆ್ಯಸಿಡ್ ಬಿದ್ದರೆ ನೊರೆ ಬಂದು ಮೈ ಕರಗುತ್ತದೆ. ಗ್ರಾನೈಟ್ ನೆಲಕ್ಕೆ ನಡೆದದ್ದು ಇದಕ್ಕೆ ನಡೆಯುವುದಿಲ್ಲ. ಬದಲಿಸುವ ಅಗತ್ಯವಿಲ್ಲ, ಪಾಲಿಶ್ ಮಷೀನಿನಿಂದ ಒರಟು ಕಲ್ಲಿನಿಂದ ಶುರುಮಾಡಿ ನಯದವರೆಗೆ ಮತ್ತೆ ತೀಡಿಸಿದರೆ ಸರಿಹೋಗುತ್ತದೆ. ಮುಂದೆ ಕಲೆಗಳನ್ನು ಹಸಿ ಇರುವಾಗಲೇ ಒದ್ದೆ ಗೋಣಿಯಿಂದ ಒರೆಸಿಸಿ, ಒಣಗಿದ್ದನ್ನು ಪಟ್ಟಿಯಿಂದ ಕೆರೆಸಿ. ಫರಸಿಯ ದಪ್ಪ ಒಂದೇ ಸಮ ಇರುವುದಿಲ್ಲ, ಕೆಳಗಿನ ಗಾರೆ ಒಂದೂವರೆ ಇಂಚು ಸರಾಸರಿ ಹಿಡಿದು ಸಿಮೆಂಟ್ ಲೆಕ್ಕ ಹಾಕಿ. ಹಾಕಿದ ಮರುದಿನ ಪ್ರತಿ ಕಲ್ಲಿನ ನಾಲ್ಕು ಮೂಲೆ ತಟ್ಟಿ, ಟೊಳ್ಳು ಸದ್ದು ಬಂದದ್ದನ್ನು ಅಂದೇ ಎತ್ತಿ ಮತ್ತೆ ಕೂರಿಸಿ. ಪಾಲಿಶ್ ಆದ ಮೇಲೆ ಎತ್ತಿದರೆ ಆ ಕಲ್ಲಿನ ಮಟ್ಟ ಸುತ್ತಲಿನದಕ್ಕೆ ಸೇರುವುದಿಲ್ಲ.